ದಂಡ ಹಿಡಿದವನ ಲೆಕ್ಕ

1919ರ ನವೆಂಬರ್ 19ರಂದು ಲಾಹೋರಿನಲ್ಲಿ ಸರ್ಕಾರ ನೇಮಿಸಿದ ಹಂಟರ್ ತನಿಖಾ ಸಮಿತಿಯ ಮುಂದೆ ಸಾಕ್ಷಿ ಹೇಳಿದ ಬ್ರಿಗೇಡಿಯರ್ ಜನರಲ್ ಡೈಯರ್ ಹೆಚ್ಚೇನನ್ನೂ ಮುಚ್ಚಿಡಲಿಲ್ಲ. ಆ ವರ್ಷದ ಏಪ್ರಿಲ್ 13ರ ಬೈಸಾಖಿಯ ಸಂಜೆ ಅಮೃತಸರದ ಜಲಿಯನ್‌ವಾಲಾ ಬಾಗಿನಲ್ಲಿ ನೆರೆದಿದ್ದ ಜನರಿಗೆ ಚದುರಿಹೋಗಿ ಎಂದು ಎಚ್ಚರಿಕೆ ಕೊಡಲಿಲ್ಲವೆಂದೂ, ಒಳಗೆ ಕಾಲಿಟ್ಟ ಅರೆ ನಿಮಿಷದಲ್ಲೇ ಗುಂಡು ಹಾರಿಸಲು ಹೇಳಿದೆನೆಂದೂ ಒಪ್ಪಿಕೊಂಡ. ಗುಂಡಿಲ್ಲದೆಯೂ ಚದುರಿಸಬಹುದಿತ್ತೇನೋ, ಆದರೆ ಅವರು ಮತ್ತೆ ಬಂದು ನನ್ನನ್ನು ನೋಡಿ ನಗುತ್ತಿದ್ದರು ಎಂದ. ಬಾಗಿಗೆ ಹೋಗುವ ಓಣಿ ಅಗಲವಾಗಿದ್ದರೆ ಮೆಷಿನ್ ಗನ್ ಹೊತ್ತ ವಾಹನಗಳನ್ನೂ ಒಳಗೆ ತರುತ್ತಿದ್ದಿರಾ ಎಂದು ಸಮಿತಿಯ ಸದಸ್ಯ ಚಿಮನ್‌ಲಾಲ್ ಸೆಟಲ್ವಾಡ್ ಕೇಳಿದಾಗ, ಬಹುಶಃ ಹೌದು ಎಂದ. ಗಾಯಾಳುಗಳ ಆರೈಕೆ ತನ್ನ ಕೆಲಸವಲ್ಲ, ಆಸ್ಪತ್ರೆಗಳು ತೆರೆದಿದ್ದವು ಎಂದ. ಆ ರಾತ್ರಿ ಊರಿನಲ್ಲಿ ಕರ್ಫ್ಯೂ ಇತ್ತು ಎಂಬುದನ್ನು ನೆನೆದರೆ ಈ ಕೊನೆಯ ಉತ್ತರದ ಕ್ರೌರ್ಯ ಅರ್ಥವಾಗುತ್ತದೆ. ಹತ್ತು ನಿಮಿಷ, ಐವತ್ತು ಬಂದೂಕು, 1,650 ಗುಂಡು. ಸರ್ಕಾರದ ಲೆಕ್ಕಕ್ಕೆ 379 ಸಾವು, ಕಾಂಗ್ರೆಸ್ಸಿನ ಲೆಕ್ಕಕ್ಕೆ ಸಾವಿರದಷ್ಟು. ಇಷ್ಟೆಲ್ಲ ಹೊರಬಂದದ್ದು ಪ್ರಶ್ನೆ ಕೇಳುವವರು ಅವನ ಎದುರು ಕುಳಿತಿದ್ದರಿಂದ, ಅವರಲ್ಲಿ ಅವನ ಪಂಗಡದವರಲ್ಲದ ಮೂವರು ಭಾರತೀಯರೂ ಇದ್ದುದರಿಂದ. ಆದರೆ ಸಮಿತಿ ವಿಚಾರಣೆಗೆ ಕೂರುವ ಮೊದಲೇ, ಸೆಪ್ಟೆಂಬರಿನಲ್ಲಿ, ಅಧಿಕಾರಿಗಳನ್ನು ಮೊಕದ್ದಮೆಗಳಿಂದ ಕಾಯುವ ಕಾಯ್ದೆಯೊಂದನ್ನು ಸರ್ಕಾರ ಪಾಸು ಮಾಡಿಕೊಂಡಿತ್ತು. ಡೈಯರ್ ಕೆಲಸ ಕಳೆದುಕೊಂಡ, ನಿಜ. ಬ್ರಿಟನ್ನಿನ ಲಾರ್ಡ್ಸ್ ಸಭೆ 129ಕ್ಕೆ 86 ಮತಗಳಿಂದ ಅವನ ಪರ ನಿಂತಿತು. ಒಂದು ಪತ್ರಿಕೆಯ ಓದುಗರು 26,000 ಪೌಂಡ್ ಚಂದಾ ಎತ್ತಿಕೊಟ್ಟರು. ಕೊಲೆಯ ಆರೋಪಿಯಾಗಿ ಅವನು ಯಾವ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಲಿಲ್ಲ.

ನಿರಾಯುಧರ ಮೇಲೆ ರಾಜ್ಯದ ಹೆಸರಿನಲ್ಲಿ ಗುಂಡು ಹಾರಿಸಿದವನು ಯಾರಿಗೆ ಉತ್ತರ ಹೇಳಬೇಕು? ತನ್ನ ಆತ್ಮಸಾಕ್ಷಿಗೋ, ಮೇಲಧಿಕಾರಿಗೋ, ದೇವರಿಗೋ? ಇದು ಕಾನೂನಿನ ಪ್ರಶ್ನೆಗಿಂತ ಹಳೆಯದು. ನನ್ನ ವಾದ ಇಷ್ಟು: ಕೊಲ್ಲುವ ಅಧಿಕಾರ ಯಾರ ಕೈಯಲ್ಲಿದೆಯೋ, ಆ ಕೊಲೆಗೆ ಲೆಕ್ಕ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವ ಅಧಿಕಾರ ಅವರ ಕೈಯಲ್ಲಿ ಇರಕೂಡದು. ಪಶ್ಚಾತ್ತಾಪ, ಪರಿಹಾರಧನ, ಆಯೋಗದ ವರದಿ ಎಲ್ಲವೂ ಬೇಕಾದವೇ. ಆದರೆ ತನ್ನವರಲ್ಲದವರ ಮುಂದೆ, ತನ್ನ ಹೆಸರಿನಲ್ಲಿ ನಿಂತು ಉತ್ತರಿಸುವ ಜಾಗವನ್ನು ಅವು ತುಂಬಲಾರವು.

ಇದನ್ನು ಪಶ್ಚಿಮದಿಂದ ತಂದ ಮಾನವ ಹಕ್ಕಿನ ಮಾತೆಂದು ತಳ್ಳಿಹಾಕುವವರಿದ್ದಾರೆ. ಅವರು ನಮ್ಮ ಶಾಸ್ತ್ರಗಳನ್ನೇ ತೆರೆದು ನೋಡಲಿ. ಮನುವನ್ನು ಸಾಕ್ಷಿಗೆ ಕರೆಯಲು ನನಗೆ ಹಿಂಜರಿಕೆಯಿದೆ. ಹುಟ್ಟು ನೋಡಿ ಶಿಕ್ಷೆಯನ್ನು ಹೆಚ್ಚುಕಡಿಮೆ ಮಾಡಿದ ಗ್ರಂಥ ಅದು. ಆದರೂ ಅದರೊಳಗೆ ರಾಜನ ಬಗ್ಗೆ ಬಿಗಿಯಾದ ಮಾತುಗಳಿವೆ. ಆಯುಧ ಕೆಳಗಿಟ್ಟವನನ್ನು, ಕೈಮುಗಿದವನನ್ನು, ಮಲಗಿದವನನ್ನು, ಸುಮ್ಮನೆ ನೋಡುತ್ತ ನಿಂತವನನ್ನು ಯುದ್ಧದಲ್ಲೂ ಹೊಡೆಯಬಾರದು. ಧರ್ಮ ತಪ್ಪಿದ ರಾಜನನ್ನು ಅವನು ಹಿಡಿದ ದಂಡವೇ ಬಂಧುಬಳಗದ ಸಮೇತ ನಾಶ ಮಾಡುತ್ತದೆ. ಸಾಮಾನ್ಯನಿಗೆ ಒಂದು ಕಾರ್ಷಾಪಣ ದಂಡ ಬೀಳುವ ತಪ್ಪಿಗೆ ರಾಜನಿಗೆ ಸಾವಿರ. ಅಧಿಕಾರ ಏರಿದಂತೆ ವಿನಾಯಿತಿ ಏರಬೇಕೆಂಬ ನಮ್ಮ ಕಾಲದ ರೂಢಿಗೆ ಇದು ನೇರ ವಿರುದ್ಧ. ಕೌಟಿಲ್ಯನೂ ಇದೇ ದಾರಿ ಹಿಡಿದ: ದಂಡಕ್ಕೆ ಅರ್ಹನಲ್ಲದವನನ್ನು ದಂಡಿಸಿದ ರಾಜ ಮೂವತ್ತು ಪಟ್ಟು ತೆರಬೇಕು, ಆ ಹಣವನ್ನು ನೀರಿನಲ್ಲಿ ವರುಣನಿಗೆ ಒಪ್ಪಿಸಬೇಕು, ಆಮೇಲೆ ಬ್ರಾಹ್ಮಣರಿಗೆ ಕೊಡಬೇಕು. ಮನುಷ್ಯರಲ್ಲಿ ತಪ್ಪು ನಡೆಯುವ ರಾಜರಿಗೆ ವರುಣನೇ ಶಾಸಕ ಎಂಬುದು ಅದಕ್ಕೆ ಕೊಟ್ಟ ಕಾರಣ. ರಾಜನ ಮೇಲೊಬ್ಬನಿದ್ದಾನೆ ಎಂಬ ಅರಿವು ಇಲ್ಲಿ ಗಟ್ಟಿಯಾಗಿಯೇ ಇದೆ. ಕೊರತೆಯೂ ಇಲ್ಲೇ ಇದೆ. ಹಣ ನೀರಿಗೆ ಹೋಯಿತು, ಬ್ರಾಹ್ಮಣನಿಗೆ ಹೋಯಿತು; ಅನ್ಯಾಯವಾಗಿ ದಂಡನೆಗೊಳಗಾದವನ ಮನೆಗೆ ಬರಲಿಲ್ಲ. ವರುಣನ ಪರವಾಗಿ ರಾಜನನ್ನು ಕರೆಸಿ ಕೇಳುವ ಮನುಷ್ಯ ಯಾರೆಂದೂ ಶಾಸ್ತ್ರ ಹೇಳಲಿಲ್ಲ. ತತ್ತ್ವ ಸಿದ್ಧವಾಗಿತ್ತು, ಅದನ್ನು ನಡೆಸುವ ಕಟ್ಟೆ ಇರಲಿಲ್ಲ. ಆ ಕಟ್ಟೆಯನ್ನು ಕಟ್ಟಿಕೊಂಡೆವೆಂದು 1950ರಲ್ಲಿ ನಾವು ನಂಬಿದೆವು.

ಕಟ್ಟಿಕೊಂಡದ್ದು ನಿಜ, ಬಾಗಿಲಿಗೆ ಬೀಗವನ್ನೂ ಹಾಕಿದೆವು. ಕರ್ತವ್ಯದಲ್ಲಿದ್ದಾಗ ನಡೆದದ್ದಕ್ಕೆ ಸರ್ಕಾರಿ ಅಧಿಕಾರಿಯನ್ನು ವಿಚಾರಣೆಗೆ ಒಳಪಡಿಸಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇಕೆಂಬ ನಿಯಮ ವಸಾಹತು ಕಾಲದ ದಂಡ ಪ್ರಕ್ರಿಯಾ ಸಂಹಿತೆಯಿಂದ ಈಗಿನ ನಾಗರಿಕ ಸುರಕ್ಷಾ ಸಂಹಿತೆಯವರೆಗೂ ಉಳಿದುಬಂದಿದೆ. 1958ರ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆಯ ಆರನೇ ಕಲಮು ಸೈನಿಕರಿಗೆ ಅದೇ ಕವಚ ತೊಡಿಸಿದೆ. ಅದು ಏನು ಮಾಡುತ್ತದೆಂಬುದಕ್ಕೆ ನಾಗಾಲ್ಯಾಂಡಿನ ಓಟಿಂಗ್ ಸಾಕು. 2021ರ ಡಿಸೆಂಬರ್ 4ರ ಸಂಜೆ ಕಲ್ಲಿದ್ದಲು ಗಣಿಯ ಕೆಲಸ ಮುಗಿಸಿ ಪಿಕಪ್ ಗಾಡಿಯಲ್ಲಿ ಊರಿಗೆ ಮರಳುತ್ತಿದ್ದವರನ್ನು ಉಗ್ರರೆಂದು ತಿಳಿದು ಸೇನೆಯ ವಿಶೇಷ ಪಡೆ ಗುಂಡು ಹಾರಿಸಿತು. ಆರು ಜನ ಸತ್ತರು. ಆಮೇಲಿನ ಗಲಭೆಯಲ್ಲಿ, ಮರುದಿನ ಮೋನ್ ಪಟ್ಟಣದಲ್ಲಿ ಸತ್ತವರೂ ಸೇರಿ ಒಟ್ಟು ಹದಿನಾಲ್ಕು ನಾಗರಿಕರು. ಒಬ್ಬ ಸೈನಿಕನೂ ಪ್ರಾಣ ಕಳೆದುಕೊಂಡ. ಗುರುತು ತಪ್ಪಿತೆಂದು ಗೃಹಮಂತ್ರಿ ಸಂಸತ್ತಿನಲ್ಲಿ ವಿಷಾದ ಹೇಳಿದರು. ರಾಜ್ಯದ ವಿಶೇಷ ತನಿಖಾ ತಂಡ ಒಬ್ಬ ಮೇಜರ್ ಸೇರಿ ಮೂವತ್ತು ಸೈನಿಕರ ಮೇಲೆ ಆರೋಪಪಟ್ಟಿ ಸಲ್ಲಿಸಿತು. ಕೇಂದ್ರ ಸರ್ಕಾರ ಅನುಮತಿ ಕೊಡಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಪ್ರಕರಣದ ಮೇಲಿನ ಕಲಾಪವನ್ನು ಮುಗಿಸಿತು. ಅನುಮತಿ ಸಿಕ್ಕರೆ ಮುಂದುವರಿಯಬಹುದೆಂದಿತು. ಅಪರಾಧ ನಡೆಯಿತೋ ಇಲ್ಲವೋ ಎಂದು ಯಾವ ನ್ಯಾಯಾಧೀಶನೂ ಸಾಕ್ಷ್ಯ ತೂಗಿ ಹೇಳಿಲ್ಲ. ಆ ಸೈನಿಕರು ತಪ್ಪಿತಸ್ಥರೆಂದು ನಾನೂ ಹೇಳುತ್ತಿಲ್ಲ, ಹೇಳಲು ನನಗೆ ಅಧಿಕಾರವಿಲ್ಲ. ತಪ್ಪಿತಸ್ಥರಲ್ಲ ಎಂದು ಹೇಳುವ ಅಧಿಕಾರ ಅವರನ್ನು ಕಳಿಸಿದವರಿಗೂ ಇರಬಾರದು ಎಂಬುದಷ್ಟೇ ಮಾತು.

ಧರ್ಮದ ಹೆಸರಿನಲ್ಲೇ ಬರುವ ಮೊದಲ ಆಕ್ಷೇಪ ಗೀತೆಯದು. ನಿಮಿತ್ತಮಾತ್ರನಾಗು ಎಂದು ಕೃಷ್ಣನೇ ಹೇಳಲಿಲ್ಲವೇ? ಆಜ್ಞೆ ಪಾಲಿಸಿದ ಸಿಪಾಯಿಗೆ ಪಾಪವೆಲ್ಲಿಯದು? ಡೈಯರನೂ ತಾನು ಮಾಡಿದ್ದು ಕರ್ತವ್ಯವೆಂದೇ ಹೇಳಿಕೊಂಡ, ಘೋರವಾದದ್ದಾದರೂ ಕರ್ತವ್ಯ ಎಂದು. ಆದರೆ ಆ ಉಪದೇಶ ಅರ್ಜುನನಿಗೆ ಸಿಕ್ಕಿದ್ದು ಆಯುಧ ಹಿಡಿದು ಎದುರು ನಿಂತ ಸೈನ್ಯದ ಮುಂದೆ. ಅದೇ ಮಹಾಭಾರತದ ಸೌಪ್ತಿಕ ಪರ್ವದಲ್ಲಿ ಮಲಗಿದವರನ್ನು ಕೊಲ್ಲಹೊರಟ ಅಶ್ವತ್ಥಾಮನನ್ನು ಕೃಪ ತಡೆಯುತ್ತಾನೆ. ನಿದ್ರಿಸುವವನನ್ನು, ಶಸ್ತ್ರ ಇಟ್ಟವನನ್ನು ಕೊಲ್ಲುವುದು ಧರ್ಮವಲ್ಲ ಎನ್ನುತ್ತಾನೆ. ಅಶ್ವತ್ಥಾಮನ ಉತ್ತರ ಇಂದಿನ ಪತ್ರಿಕಾಗೋಷ್ಠಿಯಿಂದ ಎದ್ದು ಬಂದಂತಿದೆ: ಧರ್ಮದ ಸೇತುವೆಯನ್ನು ಅವರೇ ಮೊದಲು ನೂರು ತುಂಡು ಮಾಡಿದರು. ಅವನ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ದ್ರೋಣ ಶಸ್ತ್ರ ಬಿಟ್ಟು ಕುಳಿತಾಗ ಧೃಷ್ಟದ್ಯುಮ್ನ ತಲೆ ಕಡಿದಿದ್ದ. ಪಾಂಡವರ ಪಾಳೆಯದಲ್ಲಿ ಬೈಗುಳ, ಜಗಳ ನಡೆದವು, ವಿಚಾರಣೆ ನಡೆಯಲಿಲ್ಲ. ವ್ಯಾಸರು ಆ ಸಿಟ್ಟನ್ನು ಅರ್ಥಮಾಡಿಸುತ್ತಾರೆ, ಕೃತ್ಯವನ್ನು ಮಾತ್ರ ಮನ್ನಿಸುವುದಿಲ್ಲ.

ಕೈ ಬರಿಯ ಸಾಧನ ಎಂಬ ವಾದವನ್ನು ಸಾಮ್ರಾಜ್ಯವೇ ನಂಬಿರಲಿಲ್ಲ. 1930ರ ಏಪ್ರಿಲ್ 23ರಂದು ಪೇಶಾವರದಲ್ಲಿ ನಿರಾಯುಧ ಪಠಾಣರ ಮೇಲೆ ಗುಂಡು ಹಾರಿಸಲು ಸೈನಿಕರಾದ ಚಂದ್ರಸಿಂಗ್ ಗಢವಾಲಿ ಮತ್ತು ಸಂಗಡಿಗರು ಒಪ್ಪಲಿಲ್ಲ. ಅವರಿಗೆ ಕೋರ್ಟ್ ಮಾರ್ಷಲ್ ಆಯಿತು. ಚಂದ್ರಸಿಂಗರಿಗೆ ಜೀವಾವಧಿ ಶಿಕ್ಷೆ. ಜಲಿಯನ್‌ವಾಲಾ ಬಾಗಿನಲ್ಲಿ ಗುಂಡು ಹಾರಿಸಿದ ಐವತ್ತು ಮಂದಿಯನ್ನು ಯಾರೂ ವಿಚಾರಿಸಲಿಲ್ಲ, ಹಾರಿಸದವರನ್ನು ವಿಚಾರಿಸಿ ಜೈಲಿಗೆ ಹಾಕಿದರು. ಸಿಪಾಯಿಗೆ ಆಯ್ಕೆಯೇ ಇಲ್ಲವೆಂದಾದರೆ ಬೇರೆ ಆಯ್ಕೆ ಮಾಡಿದ್ದಕ್ಕೆ ಶಿಕ್ಷಿಸುವುದು ಹೇಗೆ?

ಇನ್ನೊಂದು ಮಾತು ಮೆಲುದನಿಯಲ್ಲಿ ಬರುತ್ತದೆ: ಮಾಡಿದವರ ಪಾಪ ಆಡಿದವರ ಬಾಯಿಗೆ ಯಾಕೆ, ಕರ್ಮ ಬಿಡುವುದಿಲ್ಲ. ಬಿಡದಿರಬಹುದು. ಆದರೆ ಇದೇ ತರ್ಕವನ್ನು ಮನೆಗಳ್ಳನ ವಿಷಯದಲ್ಲಿ ಯಾರೂ ಹೂಡುವುದಿಲ್ಲ. ಅವನನ್ನು ಪೊಲೀಸರಿಗೇ ಒಪ್ಪಿಸುತ್ತೇವೆ. ಕರ್ಮಫಲದ ನಂಬಿಕೆ ಅಧಿಕಾರಸ್ಥನ ಮುಂದೆ ಮಾತ್ರ ನೆನಪಿಗೆ ಬರುವುದಾದರೆ ಅದು ಶ್ರದ್ಧೆಯಲ್ಲ, ಅಂಜಿಕೆ. ಕ್ಷಮೆಯ ವಾದ ಇದಕ್ಕಿಂತ ತೂಕದ್ದು, ಏಕೆಂದರೆ ಅದರ ಹಿಂದೆ ಗಾಂಧಿಯಂಥವರಿದ್ದಾರೆ. ಪಂಜಾಬಿನ ಘಟನೆಗಳ ಬಗ್ಗೆ ಕಾಂಗ್ರೆಸ್ ನೇಮಿಸಿದ ಸಮಿತಿಯ ವರದಿ 1920ರಲ್ಲಿ ಹೊರಬಂದಾಗ, ಅದನ್ನು ಮುಖ್ಯವಾಗಿ ಬರೆದ ಗಾಂಧಿ ಡೈಯರನ ಮೇಲೆ ಮೊಕದ್ದಮೆ ಕೇಳಲಿಲ್ಲ, ಅಧಿಕಾರದಿಂದ ತೆಗೆಯಿರಿ ಎಂದಷ್ಟೇ ಕೇಳಿದರು. ಹಾಗಾದರೆ ಉಳಿದವರು ಶಿಕ್ಷೆಗಾಗಿ ಹಟ ಹಿಡಿಯುವುದು ಏಕೆ? ಉತ್ತರ ಆ ವರದಿ ತಯಾರಾದ ಬಗೆಯಲ್ಲೇ ಇದೆ. ಸಮಿತಿ 1,700ಕ್ಕೂ ಹೆಚ್ಚು ಸಾಕ್ಷಿಗಳ ಹೇಳಿಕೆ ಪರಿಶೀಲಿಸಿತು, 650ನ್ನು ಆಯ್ದು ಮುದ್ರಿಸಿತು. ಯಾರು, ಎಲ್ಲಿ, ಏನು ಮಾಡಿದರು ಎಂದು ಹೆಸರು ಹಿಡಿದು ಬರೆದ ಮೇಲೆ ಗಾಂಧಿ ಶಿಕ್ಷೆಯನ್ನು ಬಿಟ್ಟುಕೊಟ್ಟರು. ಭಾಗವತದ ಮೊದಲ ಸ್ಕಂಧದಲ್ಲೂ ಕ್ರಮ ಹೀಗೆಯೇ. ಮಕ್ಕಳನ್ನು ಕೊಂದ ಅಶ್ವತ್ಥಾಮನನ್ನು ಅರ್ಜುನ ಕಟ್ಟಿ ತಂದು ದ್ರೌಪದಿಯ ಮುಂದೆ ನಿಲ್ಲಿಸುತ್ತಾನೆ. ಅವನು ತಲೆ ತಗ್ಗಿಸಿ ನಿಂತಿದ್ದಾನೆ. ಭೀಮ ಕೊಲ್ಲು ಎನ್ನುತ್ತಾನೆ. ದ್ರೌಪದಿ, ನಾನು ಅತ್ತಂತೆ ಇವನ ತಾಯಿ ಅಳುವುದು ಬೇಡ, ಬಿಟ್ಟುಬಿಡಿ ಎನ್ನುತ್ತಾಳೆ. ಹಾಗಿದ್ದೂ ಅವನ ನೆತ್ತಿಯ ಮಣಿಯನ್ನು ಕಿತ್ತುಕೊಂಡೇ ಪಾಳೆಯದಿಂದ ಅಟ್ಟುತ್ತಾರೆ. ಕ್ಷಮಿಸಿದವಳು ಮಕ್ಕಳನ್ನು ಕಳೆದುಕೊಂಡವಳು. ಕ್ಷಮಿಸಿದ್ದು ಕೊಂದವನು ಕಟ್ಟುಹಾಕಿಸಿಕೊಂಡು ಎದುರು ನಿಂತ ಮೇಲೆ. ಓಟಿಂಗಿನ ತಾಯಂದಿರ ಮುಂದೆ ಯಾರನ್ನೂ ನಿಲ್ಲಿಸಿಲ್ಲ. ಅವರ ಪರವಾಗಿ ದೆಹಲಿಯ ಕಚೇರಿಯೊಂದು ಕ್ಷಮಿಸಿಬಿಟ್ಟರೆ ಅದಕ್ಕೆ ಕ್ಷಮೆ ಎನ್ನಲು ಬಾರದು.

ಸೈನಿಕರ ಕಡೆಯ ವಾದವನ್ನು ಹಗುರವಾಗಿ ಕಾಣಬಾರದು. ಕತ್ತಲು, ಭಯ, ಕ್ಷಣಾರ್ಧದ ನಿರ್ಧಾರ. ಪ್ರತಿ ಗುಂಡಿಗೂ ಕೋರ್ಟಿಗೆ ಎಳೆದರೆ ಗಡಿ ಕಾಯುವವರು ಯಾರು ಎಂದು ಕೇಳುತ್ತಾರೆ. ಪ್ರತಿ ಗುಂಡೂ ಅಪರಾಧವೆಂದು ಯಾರೂ ಹೇಳುತ್ತಿಲ್ಲ. ಆತ್ಮರಕ್ಷಣೆಯ ಹಕ್ಕು ಕಾನೂನಿನಲ್ಲಿದೆ, ಪ್ರಾಮಾಣಿಕ ತಪ್ಪಿಗೂ ಅಲ್ಲಿ ಜಾಗವಿದೆ. ಆದರೆ ಆ ತಪ್ಪು ಪ್ರಾಮಾಣಿಕವಾಗಿತ್ತೆಂದು ತಿಳಿಯುವುದು ವಿಚಾರಣೆ ನಡೆದ ಮೇಲೆಯೇ. ಮಣಿಪುರದ 1,528 ಸಾವುಗಳ ಕುರಿತ ಅರ್ಜಿಯ ಮೇಲೆ 2016ರ ಜುಲೈ 8ರಂದು ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು: ವಿಶೇಷಾಧಿಕಾರ ಕಾಯ್ದೆ ಇದ್ದ ಮಾತ್ರಕ್ಕೆ ಸಂಪೂರ್ಣ ರಕ್ಷೆಯಿಲ್ಲ, ಸತ್ತವನು ಸಾಮಾನ್ಯನಾಗಲಿ ಉಗ್ರನಾಗಲಿ, ಅತಿರೇಕದ ಬಲಪ್ರಯೋಗದ ಆರೋಪವಿದ್ದರೆ ತನಿಖೆಯಾಗಬೇಕು. ವಿಚಾರಣೆಯಿಂದ ಪಡೆಯ ಮನೋಬಲ ಕುಗ್ಗುತ್ತದೆ ಎಂಬ ಮಾತಿನ ಬಗ್ಗೆಯೂ ನನಗೆ ಅನುಮಾನವಿದೆ. ಒಬ್ಬರು ಮಾಡಿದ್ದಕ್ಕೆ ಇಡೀ ಪಡೆಯ ಮೇಲೆ ಕಳಂಕ ಕೂರುವುದು ಲೆಕ್ಕ ಒಪ್ಪಿಸಿದಾಗಲ್ಲ, ಲೆಕ್ಕ ಮುಚ್ಚಿಟ್ಟಾಗ.

ಹಾಗೆಂದು ರಾಜ್ಯಕ್ಕೆ ವಿಚಾರಣೆ ನಡೆಸುವ ಶಕ್ತಿಯೇ ಇಲ್ಲವೇ? ಇದೆ, ಬೇಕೆನಿಸಿದಾಗ ಬೇಗವೂ ನಡೆಸುತ್ತದೆ. 1942ರ ಸೆಪ್ಟೆಂಬರಿನಲ್ಲಿ ಶಿವಮೊಗ್ಗ ಜಿಲ್ಲೆಯ ಈಸೂರಿನಲ್ಲಿ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರರೂ ಜನರ ಕೈಯಲ್ಲಿ ಸತ್ತರು. ಮರುವರ್ಷದ ಮಾರ್ಚ್ ಹೊತ್ತಿಗೆ ಐವರನ್ನು ಗಲ್ಲಿಗೇರಿಸಿಯಾಗಿತ್ತು. ಅದಕ್ಕೆ ನಾಲ್ಕು ವರ್ಷ ಮೊದಲು, 1938ರ ಏಪ್ರಿಲ್ 25ರಂದು, ಅದೇ ಮೈಸೂರು ಸಂಸ್ಥಾನದ ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಸೇರಿದವರ ಮೇಲೆ ಗೋಲಿಬಾರ್ ಆಗಿತ್ತು. ತನಿಖೆಗೆ ವೇಪಾ ರಾಮೇಶಂ ಸಮಿತಿ ಬಂತು, ಸಂಸ್ಥಾನಕ್ಕೂ ಕಾಂಗ್ರೆಸ್ಸಿಗೂ ನಡುವೆ ಮಿರ್ಜಾ–ಪಟೇಲ್ ಒಪ್ಪಂದವಾಯಿತು, ಧ್ವಜಕ್ಕೆ ಅನುಮತಿ ಸಿಕ್ಕಿತು. ಸತ್ತವರೆಷ್ಟು ಎಂಬ ಬಗ್ಗೆ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಇಂದಿಗೂ ತಾಳೆಯಿಲ್ಲ. ಈಸೂರಿನಲ್ಲಿ ನೇಣಿಗೇರಿದವರ ಹೆಸರು ನಮ್ಮ ಶಾಲಾಮಕ್ಕಳಿಗೆ ಗೊತ್ತು. ವಿದುರಾಶ್ವತ್ಥದಲ್ಲಿ ಗುಂಡಿಗೆ ಆಜ್ಞೆ ಕೊಟ್ಟವರು ಯಾರೆಂದು ಕೇಳಿದರೆ ದೊಡ್ಡವರೂ ತಡವರಿಸುತ್ತಾರೆ. ಅಮೃತಸರದ ಲೆಕ್ಕ ಚುಕ್ತಾ ಆಗದೆ ಉಳಿದು 1940ರ ಮಾರ್ಚ್ 13ರಂದು ಲಂಡನ್ನಿನ ಕ್ಯಾಕ್ಸ್ಟನ್ ಹಾಲಿಗೆ ಬಂತು. ಉಧಮ್ ಸಿಂಗ್ ಹೊಡೆದದ್ದು ಹತ್ಯಾಕಾಂಡದ ಹೊತ್ತಿಗೆ ಪಂಜಾಬಿನ ಲೆಫ್ಟಿನೆಂಟ್ ಗವರ್ನರ್ ಆಗಿದ್ದ ಓಡ್ವಯರನನ್ನು. ಡೈಯರ್ 1927ರಲ್ಲೇ ರೋಗದಿಂದ ತೀರಿಕೊಂಡಿದ್ದ. ಉಧಮ್ ಸಿಂಗರ ವಿಚಾರಣೆ ಮೂರು ತಿಂಗಳೊಳಗೆ ಮುಗಿಯಿತು.

ಆಳುವವನೇ ತಾನಾಗಿ ಪಶ್ಚಾತ್ತಾಪಪಟ್ಟರೆ ಸಾಲದೇ ಎಂದು ಕೇಳುವವರು ಅಶೋಕನನ್ನು ತೋರಿಸುತ್ತಾರೆ. ಕಳಿಂಗದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸೆರೆಯೊಯ್ಯಲಾಯಿತು, ಅದಕ್ಕಾಗಿ ನೋಯುತ್ತೇನೆ ಎಂದು ಹದಿಮೂರನೇ ಶಿಲಾಶಾಸನದಲ್ಲಿ ಬರೆಸಿದ ರಾಜ ಜಗತ್ತಿನಲ್ಲೇ ಅಪರೂಪ. ಆದರೆ ಆ ಶಾಸನ ಕಳಿಂಗದಲ್ಲೇ ಇಲ್ಲ. ಧೌಲಿ ಮತ್ತು ಜೌಗಡದ ಬಂಡೆಗಳ ಮೇಲೆ ಹನ್ನೊಂದರಿಂದ ಹದಿಮೂರರವರೆಗಿನ ಶಾಸನಗಳನ್ನು ಬಿಟ್ಟು ಎರಡು ಪ್ರತ್ಯೇಕ ಶಾಸನಗಳನ್ನು ಕೆತ್ತಿಸಲಾಗಿದೆ. ತನ್ನ ನೋವನ್ನು ಅವನು ಉಳಿದೆಲ್ಲರಿಗೆ ಹೇಳಿದ, ನೊಂದವರಿಗೆ ಹೇಳಲಿಲ್ಲ. ಅದೇ ಶಾಸನದಲ್ಲಿ ಕಾಡಿನ ಜನರಿಗೆ ತನ್ನ ಬಲದ ನೆನಪನ್ನೂ ಮಾಡಿಕೊಟ್ಟ. ಹಾಗಿದ್ದರೂ ಆ ಪ್ರತ್ಯೇಕ ಶಾಸನಗಳಲ್ಲಿ ಒಂದು ನನಗೆ ಪಶ್ಚಾತ್ತಾಪಕ್ಕಿಂತ ಬೆಲೆಯುಳ್ಳದ್ದೆನಿಸುತ್ತದೆ. ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಸಿಕ್ಕಿರುವ ಆ ಶಾಸನ ಕಳಿಂಗದ ತೋಸಲಿಯ ನಗರಾಧಿಕಾರಿಗಳಿಗೆ ಬರೆದದ್ದು. ಕಾರಣವಿಲ್ಲದೆ ಯಾರನ್ನೂ ಸೆರೆಗೆ ಹಾಕಬೇಡಿ, ಹಿಂಸಿಸಬೇಡಿ ಎನ್ನುತ್ತದೆ. ಅದು ಪಾಲನೆಯಾಗುತ್ತಿದೆಯೇ ಎಂದು ನೋಡಲು ಐದು ವರ್ಷಕ್ಕೊಮ್ಮೆ ಬೇರೆ ಅಧಿಕಾರಿಗಳನ್ನು ಕಳಿಸುತ್ತೇನೆ ಎನ್ನುತ್ತದೆ. ದಂಡ ಹಿಡಿದವರ ಮೇಲೆ ಹೊರಗಿನ ಕಣ್ಣೊಂದು ಬೇಕೆಂಬುದು ಕ್ರಿಸ್ತಪೂರ್ವ ಮೂರನೇ ಶತಮಾನಕ್ಕೇ ಹೊಳೆದಿತ್ತು.

ಈಗ ಬೇಕಾದದ್ದು ಅದಕ್ಕಿಂತ ಬಹಳ ಹೆಚ್ಚಿನದೇನಲ್ಲ. ಅನುಮತಿ ಬೇಕೆಂಬ ಕಲಮು ಇರಲೇಬೇಕೆಂದಾದರೆ ಅದನ್ನು ಕೊಡುವ, ನಿರಾಕರಿಸುವ ಕೆಲಸ ನ್ಯಾಯಾಲಯದ ಕೈಯಲ್ಲಿರಲಿ. ಅದೂ ಆಗದಿದ್ದರೆ ನಿರಾಕರಣೆಯ ಕಾರಣಗಳನ್ನು ಬರೆದು, ಸತ್ತವರ ಮನೆಯವರ ಕೈಗೆ ಕೊಡಲಿ, ಅವರು ಅದನ್ನು ಪ್ರಶ್ನಿಸಲಿ. ಓಟಿಂಗಿನ ಮೂವತ್ತು ಸೈನಿಕರ ವಿಷಯದಲ್ಲಿ ಕೇಂದ್ರದ ನಿರಾಕರಣೆಯನ್ನು ಪ್ರಶ್ನಿಸಲು ನಾಗಾಲ್ಯಾಂಡ್ ಸರ್ಕಾರವೇ 2024ರಲ್ಲಿ ಸುಪ್ರೀಂ ಕೋರ್ಟಿನ ಕದ ತಟ್ಟಬೇಕಾಯಿತು. ಒಂದು ರಾಜ್ಯ ಸರ್ಕಾರಕ್ಕೇ ಇಷ್ಟು ದೂರದ ದಾರಿಯಾದರೆ, ಗಣಿ ಕೆಲಸಕ್ಕೆ ಹೋದ ಮಗನನ್ನು ಕಳೆದುಕೊಂಡವರಿಗೆ ಅದು ಎಷ್ಟು ದೂರ ಎಂದು ಆ ಕಲಮನ್ನು ಸಮರ್ಥಿಸುವವರು ಹೇಳಲಿ.