ಹೂವಿನ ಚಿತ್ರದಲ್ಲಿ ಅಹಿಂಸೆ ಮತ್ತು ಸತ್ಯ

ಮಳೆಗಾಲವು ಹಿಂದೆ ಸರಿಯುವ ವೇಳೆಗೆ ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿಯಂಥ ಊರುಗಳ ಹೊಲದ ಬದುಗಳಲ್ಲಿ ತುಂಬೆಯ ಗಿಡಗಳು ಹೂ ತಾಳುತ್ತವೆ. ಒಂದು ಸೆಂಟಿಮೀಟರಿನಷ್ಟೇ ಇರುವ ಆ ಹೂವು ನಡೆದು ಹೋಗುವವನಿಗೆ ಕೇವಲ ಒಂದು ಬಿಳಿಯ ಚುಕ್ಕೆ. ಕ್ಯಾಮರಾದ ಮಸೂರವು ಹತ್ತಿರ ಬಂದಾಗ ಮಾತ್ರ ಅದರ ಅಗಲವಾದ ಕೆಳದುಟಿಯೂ ರೋಮಗಳಿಂದ ಕೂಡಿ ಬಾಗಿದ ಮೇಲ್ದುಟಿಯೂ ಗೋಚರವಾಗುತ್ತವೆ. ಅಂಥ ಹೂವೊಂದರ ಮುಂದೆ ತರುಣನೊಬ್ಬನು ಚಿತ್ರ ತೆಗೆಯಲು ಕುಳಿತಿದ್ದಾನೆಂದು ಇಟ್ಟುಕೊಳ್ಳಬಹುದು. ಬೆಳಕು ಹಿತವಾಗಿದೆ, ಆದರೆ ಹುಳು ತಿಂದ ಎಲೆಯೊಂದು ಚೌಕಟ್ಟಿನ ಅಂಚಿನಲ್ಲಿ ಅಡ್ಡ ಬಂದಿದೆ. ಅವನ ಮುಂದೆ ಎರಡು ಸುಲಭ ಮಾರ್ಗಗಳಿವೆ. ಆ ಎಲೆಯನ್ನು ಈಗಲೇ ಕೈಯಿಂದ ಕಿತ್ತೆಸೆಯಬಹುದು; ಇಲ್ಲವೇ ಮನೆಗೆ ಹೋಗಿ ಕಂಪ್ಯೂಟರಿನಲ್ಲಿ ಅಳಿಸಬಹುದು.

ಪ್ರಶ್ನೆ ಅಲ್ಪವೆಂದು ತೋರಿದರೂ ಅದು ಎರಡು ವ್ರತಗಳನ್ನು ಎದುರುಬದುರಾಗಿ ನಿಲ್ಲಿಸುತ್ತದೆ. ಕಿತ್ತರೆ ಅಹಿಂಸೆಗೆ ಲೋಪ. ಅಳಿಸಿದರೆ ಸತ್ಯಕ್ಕೆ ಲೋಪ.

ಮೊದಲನೆಯದನ್ನು ನೋಡುವ. ವನಸ್ಪತಿಯು ಸ್ಪರ್ಶವೊಂದೇ ಇಂದ್ರಿಯವಾಗಿರುವ ಸ್ಥಾವರ ಜೀವ. ಗೃಹಸ್ಥನು ಸ್ಥಾವರ ಹಿಂಸೆಯನ್ನು ಪೂರ್ಣವಾಗಿ ಬಿಡಲಾರನೆಂಬುದನ್ನು ಶಾಸ್ತ್ರವೇ ಒಪ್ಪಿದೆ. ಉಳುವುದು, ಅಡುಗೆ ಮಾಡುವುದು ಅವನಿಗೆ ಅನಿವಾರ್ಯ. ಆದರೆ ಪ್ರಯೋಜನವಿಲ್ಲದೆ ಗಿಡವನ್ನು ಕಡಿಯುವುದನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಒಂದು ಭೇದವಾದ ಪ್ರಮಾದಚರ್ಯೆಯಲ್ಲಿ ಸೇರಿಸಿದ್ದಾರೆ. ಈ ಸೀಮೆಯ ಮುಖ್ಯ ಬೆಳೆಗಳಲ್ಲೊಂದು ಹೊಗೆಸೊಪ್ಪು. ಎಲೆ ಬಲಿಯಲೆಂದು ಅದರ ಹೂದುದಿಯನ್ನು ಚಿವುಟುವ ರೂಢಿಯುಂಟು. ಅಲ್ಲಿ ಚಿವುಟುವವನಿಗೆ ಜೀವನೋಪಾಯದ ಕಾರಣವಿದೆ. ಹೂವಿನ ಚಿತ್ರಕ್ಕಾಗಿ ಎಲೆಯನ್ನು ಚಿವುಟುವವನಿಗೆ ಯಾವ ಕಾರಣವಿದೆ? ಹಿನ್ನೆಲೆ ಶುಭ್ರವಾಗಲೆಂದು ಸುತ್ತಲಿನ ಗಿಡಗಳನ್ನು ತುಳಿಯುವುದು, ದಳದ ಮೇಲೆ ಕುಳಿತ ಇರುವೆಯನ್ನು ಊದಿ ಹಾರಿಸುವುದು, ಬೇರೊಬ್ಬರಿಗೆ ಅಂಥ ಚಿತ್ರ ಸಿಗಬಾರದೆಂದು ತೆಗೆದಾದ ಮೇಲೆ ಹೂವನ್ನೇ ಕೀಳುವುದು ಇವೆಲ್ಲವೂ ಇದೇ ಸಾಲಿಗೆ ಸೇರುತ್ತವೆ. ಕೊನೆಯದರಲ್ಲಿ ಪ್ರಮಾದದ ಜೊತೆಗೆ ಕಷಾಯವೂ ಇದೆ.

ಹಾಗಾದರೆ ಅಳಿಸುವುದೇ ಲೇಸಲ್ಲವೇ? ಕಂಪ್ಯೂಟರಿನಲ್ಲಿ ಅಳಿಸಿದ ಎಲೆಗೆ ನೋವಿಲ್ಲವಲ್ಲ ಎಂದು ಕೇಳಬಹುದು. ಈ ವಾದದಲ್ಲಿ ಹುರುಳಿದೆ. ಎಲ್ಲ ಚಿತ್ರವೂ ಆಯ್ಕೆಯೇ ಅಲ್ಲವೇ ಎಂಬ ಇನ್ನೊಂದು ವಾದವೂ ಅದರ ಬೆನ್ನಿಗೆ ಬರುತ್ತದೆ. ಚೌಕಟ್ಟು ಹಾಕಿದೊಡನೆ ಹೊಲವೆಲ್ಲ ಹೊರಗುಳಿಯಿತು. ಒಂದು ಎಲೆ ಹೊರಗುಳಿದರೆ ದೋಷವೇನು?

ಇಲ್ಲಿ ನಯವಾದವು ದಾರಿ ತೋರುತ್ತದೆ. ವಸ್ತುವು ಅನಂತ ಧರ್ಮಾತ್ಮಕ. ಅದರಲ್ಲಿ ಒಂದಂಶವನ್ನು ಒಂದು ದೃಷ್ಟಿಯಿಂದ ಹೇಳುವುದು ನಯ. ಉಳಿದ ಅಂಶಗಳನ್ನು ಹೇಳದೆ ಬಿಟ್ಟ ಮಾತ್ರಕ್ಕೆ ಅದು ಸುಳ್ಳಾಗದು. ಅವು ಇಲ್ಲವೇ ಇಲ್ಲವೆಂದು ಸಾಧಿಸಿದಾಗ ದುರ್ನಯವಾಗುತ್ತದೆ. ಚೌಕಟ್ಟು ನಯದಂತೆ. ಅದರ ಹೊರಗೆ ಬೇರೇನೋ ಇದೆಯೆಂಬುದನ್ನು ನೋಡುವ ಪ್ರತಿಯೊಬ್ಬನೂ ಬಲ್ಲ. ಆದರೆ ಚೌಕಟ್ಟಿನೊಳಗಿದ್ದ ಎಲೆಯನ್ನು ಅಳಿಸಿ, ಅದರ ಜಾಗದಲ್ಲಿ ಇಲ್ಲದ ಹಸಿರನ್ನು ತುಂಬಿದಾಗ ಚಿತ್ರವು ಇದ್ದುದನ್ನು ಇಲ್ಲವೆನ್ನುತ್ತದೆ. ನೋಡುವವನಿಗೆ ಅದನ್ನು ತಿಳಿಯುವ ಉಪಾಯವೂ ಉಳಿಯದು. ಅಂಚನ್ನು ಕತ್ತರಿಸುವುದಕ್ಕೂ ಒಳಗಿದ್ದುದನ್ನು ಅಳಿಸುವುದಕ್ಕೂ ಇರುವ ಅಂತರ ಇದೇ.

ಲೌಕಿಕ ನಿಯಮಗಳೂ ಸುಮಾರಾಗಿ ಇಲ್ಲಿಗೇ ಬಂದು ನಿಂತಿವೆ. ಛಾಯಾಗ್ರಹಣದ ಮೂರು ದೊಡ್ಡ ಸಂಸ್ಥೆಗಳಾದ ಫಿಯಾಪ್, ಅಮೆರಿಕದ ಫೋಟೋಗ್ರಾಫಿಕ್ ಸೊಸೈಟಿ ಮತ್ತು ಬ್ರಿಟನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿಗಳು ನಿಸರ್ಗ ಛಾಯಾಗ್ರಹಣಕ್ಕೆ ಏಕರೂಪದ ವ್ಯಾಖ್ಯೆಯೊಂದನ್ನು ಒಪ್ಪಿ 2015ರಿಂದ ಜಾರಿಗೆ ತಂದವು. ಅದರಂತೆ ಅಂಚನ್ನು ಕತ್ತರಿಸಬಹುದು, ಕ್ಯಾಮರಾದಿಂದಲೇ ಬಂದ ಧೂಳಿನ ಚುಕ್ಕೆಗಳನ್ನು ತೆಗೆಯಬಹುದು, ನೆಳಲು ಬೆಳಕುಗಳನ್ನು ಹದಗೊಳಿಸಬಹುದು. ದೃಶ್ಯದಲ್ಲಿದ್ದ ವಸ್ತುವನ್ನು ತೆಗೆಯುವಂತಿಲ್ಲ, ಇಲ್ಲದ್ದನ್ನು ಸೇರಿಸುವಂತಿಲ್ಲ.

ಕೀಳದೆ, ಅಳಿಸದೆ ಇರುವ ಮೂರನೆಯ ಮಾರ್ಗವೊಂದುಂಟು. ಎಲೆಯು ಕದಲಬೇಕಾಗಿಲ್ಲ, ನೋಡುವವನು ಕದಲಬೇಕು. ಕ್ಯಾಮರಾವನ್ನು ನಾಲ್ಕು ಬೆರಳು ಎಡಕ್ಕೆ ಸರಿಸಿದರೆ ಆ ಎಲೆ ಹೂವಿನ ಹಿಂದೆ ಮರೆಯಾಗಬಹುದು. ಹೂವಿನ ಮಟ್ಟಕ್ಕೆ ತಗ್ಗಿದರೆ ಹಿನ್ನೆಲೆ ದೂರ ಸರಿದು ಮೃದುವಾಗುತ್ತದೆ. 100 ಮಿ.ಮೀ. ಸಮೀಪ ಮಸೂರವು 50 ಮಿ.ಮೀ. ಮಸೂರಕ್ಕಿಂತ ಕಿರಿದಾದ ಹಿನ್ನೆಲೆಯನ್ನು ಒಳಗೊಳ್ಳುವುದರಿಂದ ಅಡ್ಡಿಗಳು ತಾವಾಗಿಯೇ ಹೊರಗುಳಿಯುತ್ತವೆ. 35 ಮಿ.ಮೀ. ಫಿಲ್ಮಿನ ಅಳತೆಯ ಕ್ಯಾಮರಾದಲ್ಲಿ ಹೂವನ್ನು ಅದರ ನಿಜ ಗಾತ್ರದಲ್ಲಿ ಮೂಡಿಸುವಾಗ ಎಫ್/8 ದ್ವಾರದಲ್ಲಿ ಸ್ಪಷ್ಟವಾಗಿ ಕಾಣುವ ಆಳ ಸುಮಾರು 1 ಮಿ.ಮೀ. ಮಾತ್ರ, ಎಫ್/16ರಲ್ಲಿ ಅದರ ಎರಡರಷ್ಟು. ಆದುದರಿಂದ ಯಾವ ಅಂಗ ಮುಖ್ಯವೆಂಬುದನ್ನು ಮೊದಲೇ ನಿಶ್ಚಯಿಸಿ, ಕ್ಯಾಮರಾವನ್ನು ಅದಕ್ಕೆ ಸಮಾನಾಂತರವಾಗಿ ನಿಲ್ಲಿಸಬೇಕು. ಗಾಳಿ ಏಳುವ ಮೊದಲಿನ ಮುಂಜಾವು ಉತ್ತಮ; ಬಿಸಿಲು ಕಟುವಾದರೆ ತೆಳ್ಳನೆಯ ಬಿಳಿಯ ಬಟ್ಟೆಯೊಂದು ಸಾಕು. ಹೀಗೆ ಮಾಡಿಯೂ ಎಲೆ ಉಳಿದರೆ ಉಳಿಯಲಿ. ಹುಳುವಿಗೆ ಆಹಾರವಾದ ಎಲೆಯು ಆ ಹೂವಿನ ಬಾಳಿಗೆ ಸೇರಿದ್ದೇ ಹೊರತು ಕಳಂಕವಲ್ಲ.

ಅಲಂಕಾರಕ್ಕಾಗಿಯೇ ಮಾಡಿದ ಚಿತ್ರಕ್ಕೆ ಈ ಕಟ್ಟುನಿಟ್ಟು ಬೇಡವೆನ್ನಬಹುದು. ಆಮಂತ್ರಣ ಪತ್ರಿಕೆಯ ಹೂವನ್ನು ಯಾರೂ ಸಾಕ್ಷ್ಯವೆಂದು ನೋಡರು. ಅಲ್ಲಿ ತಿದ್ದಿದರೆ ತಿದ್ದಿದ್ದೆಂದು ಹೇಳಿದರಾಯಿತು. ಆದರೆ ಅಭ್ಯಾಸವು ಹರಿದು ಹೋಗುತ್ತದೆ. ಹೂವಿನ ಎಲೆಯನ್ನು ಲೀಲಾಜಾಲವಾಗಿ ಅಳಿಸಿದ ಕೈಯು ನಾಳೆ ಬಸದಿಯ ಸಂಚಿಕೆಗಾಗಿ ಮೂರ್ತಿಯ ಬಿರುಕನ್ನೂ ಶಾಸನದ ಸವೆದ ಅಕ್ಷರವನ್ನೂ ತಿದ್ದೀತು. ಮುಂದಿನ ಪೀಳಿಗೆ ಅದನ್ನೇ ದಾಖಲೆಯೆಂದು ನಂಬೀತು. ತಿದ್ದಿದ ಚಿತ್ರದ ಕೆಳಗೆ ಒಂದು ಸಾಲು ಬರೆಯುವುದು, ಮೂಲಪ್ರತಿಯನ್ನು ಕಾಪಾಡುವುದು ಟ್ರಸ್ಟುಗಳಿಗೆ ಭಾರವಾಗಲಾರದು.

ಶ್ರವಣಬೆಳಗೊಳದ ಬಾಹುಬಲಿಯ ತೊಡೆತೋಳುಗಳಿಗೆ ಬಳ್ಳಿ ಹಬ್ಬಿದೆ. ಸ್ವಾಮಿಯು ಅದನ್ನು ಕೀಳಲಿಲ್ಲ. ಶಿಲ್ಪಿಯೂ ಅದನ್ನು ಮರೆಮಾಡಲಿಲ್ಲ. ಹೊಲದ ಬದುವಿನಲ್ಲಿ ಕುಳಿತ ತರುಣನು ಅಷ್ಟು ಹೊತ್ತು ನಿಶ್ಚಲನಾಗಬೇಕಾಗಿಲ್ಲ. ಗಾಳಿ ತಗ್ಗುವವರೆಗೆ ಕಾದರೆ ಸಾಕು.