ಕುದುರೆಯೊಳಗಿನ ಮನುಷ್ಯ

ತಾಳವಾಡಿ ಸೀಮೆಯ ಗೆಟ್ಟವಾಡಿಯ ಜಗಲಿಯೊಂದರಲ್ಲಿ ಕೂತು ಮೊಬೈಲಿನಲ್ಲಿ ಸ್ವರಾತ್ಮ ತಂಡದ ಹಾಡು ನೋಡುತ್ತಿದ್ದೆ. ಗಿಟಾರು, ಪಿಟೀಲು, ಡ್ರಮ್ಸು ಒಟ್ಟಿಗೇ ಏರುತ್ತಿದ್ದಾಗ ಹಾಡುಗಾರ ವಾಸು ದೀಕ್ಷಿತ್ ಸೊಂಟಕ್ಕೊಂದು ಬಣ್ಣದ ಬೊಂಬೆಕುದುರೆ ಕಟ್ಟಿಕೊಂಡು ಕುಣಿಯುತ್ತ ಬಂದರು. ಎಲೆಗೆ ಸುಣ್ಣ ಸವರುತ್ತಿದ್ದ ಅಜ್ಜ ಕೈ ತಡೆದು, ಬಗ್ಗಿ ನೋಡಿದರು. "ಅಲ್ಲ ಮೊಗಾ, ಕುದುರ ಒಳಗ ಮನುಸ ಅವ್ನೊ, ಮನುಸನ ಒಳಗ ಕುದುರ ಅದೊ?"

ಆ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಬೆಂಗಳೂರು-ಮೈಸೂರಿನ ಈ ತಂಡದ ಮೊದಲ ಆಲ್ಬಂ ಬಂದದ್ದು 2009ರಲ್ಲಿ, 'ಟೋಪಿವಾಲೆ' 2012ರಲ್ಲಿ. ಕನ್ನಡವೂ ಹಿಂದಿಯೂ ಒಂದೇ ಚಪ್ಪರದಡಿ. ಜನಪದದ ಮಟ್ಟುಗಳಿಗೆ ರಾಕ್‌ನ ಅಬ್ಬರ, ಕಾವೇರಿಯ ನೀರಡಿಕೆಗೂ ಒಂದು ಹಾಡು. ಇದೆಲ್ಲ ಹೊಸ ಪ್ರಯೋಗ ಅನ್ನುವವರಿದ್ದಾರೆ. ನನಗೆ ಅದು ನಮ್ಮ ಸೀಮೆಯ ಹಾಡು-ಕುಣಿತವಾದ ಕಂಸಾಳೆಯ ದೂರದ ನೆಂಟನಂತೆ ಕಾಣುತ್ತದೆ.

ನಮ್ಮ ತಾಳವಾಡಿ ಸೀಮೆ ಇರುವುದು ಈರೋಡು ಜಿಲ್ಲೆಯಲ್ಲಿ. ಸತ್ಯಮಂಗಲಕ್ಕೆ ಹೋಗಬೇಕೆಂದರೆ ದಿಂಬಂ ಘಾಟಿಯ 27 ತಿರುವು ಇಳಿಯಬೇಕು. ಬಸ್ಸಿನ ಬೋರ್ಡು ತಮಿಳು, ಮನೆಯ ಮಾತು ಕನ್ನಡ, ನಾವು ಒಕ್ಕಲಾದ ದೇವರು ಏಳುಮಲೆಯ ಮಾದಪ್ಪ. ಕಂಸಾಳೆ ಹಿಡಿದು ಹಾಡುವ ಆ ಮಾದಪ್ಪನ ಗುಡ್ಡರ ಕೈಯನ್ನು ಹತ್ತಿರದಿಂದ ನೋಡಬೇಕು. ಎಡಗೈಯಲ್ಲಿ ಕಂಚಿನ ಬಟ್ಟಲು, ಬಲಗೈಯಲ್ಲಿ ದಾರ ಪೋಣಿಸಿದ ಚಪ್ಪಟೆ ತಾಳ. ಬೀಸು ಕಂಸಾಳೆಗೆ ನಿಂತರೆ ಆ ತಾಳ ದಾರದ ತುದಿಯಲ್ಲಿ ಹಾರಿ, ತಲೆಯ ಮೇಲಿಂದ ಸುತ್ತಿ, ಬೆನ್ನ ಹಿಂದೆ ಮರೆಯಾಗಿ, ನಾವು ಎಣಿಸದ ಗಳಿಗೆಯಲ್ಲಿ ಬಟ್ಟಲಿಗೆ ಬಂದು ಬಡಿಯುತ್ತದೆ. ಅಷ್ಟು ಹೊತ್ತೂ ಬಾಯಲ್ಲಿ ಹಾಡು. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿದಿರುತ್ತದೆ. ಹಾಡು ಕೊರಳಲ್ಲಿ ಹಿಡಿಸದೆ ತೋಳಿಗೂ ಬೆನ್ನಿಗೂ ಹರಿದು ಬಂದಂತೆ.

ಕಥೆ ಹೇಳುವಾಗಿನ ಬೆರಗೇ ಬೇರೆ. ಮಾದಪ್ಪನ ಕಥೆಯ ಸಂಕಮ್ಮನ ಸಾಲಿನಲ್ಲಿ ಅವಳ ಗಂಡ ನೀಲೇಗೌಡ ಜೇನಿಗೆ ಕಾಡಿಗೆ ಹೊರಡುತ್ತಾನೆ, ಹೆಂಡತಿಯನ್ನು ನಂಬದೆ ಭಾಷೆ ಕೇಳುತ್ತಾನೆ. ವೇಷ ಬದಲಿಸದೆ, ಕೂತ ಜಾಗ ಬಿಡದೆ ಒಬ್ಬನೇ ಹಾಡುಗಾರ ಅವನೂ ಆಗುತ್ತಾನೆ, ಅವಳೂ ಆಗುತ್ತಾನೆ. ಮಾತಾಡುತ್ತಾಡುತ್ತ ಒಂದು ವಾಕ್ಯದ ನಡುವೆ ಮಾತು ರಾಗವಾಗಿಬಿಡುತ್ತದೆ. ಎಲ್ಲಿ ಆಯಿತೆಂದು ಹಿಡಿಯಲು ಎಷ್ಟು ಸಲ ಕಿವಿಗೊಟ್ಟು ಕೂತಿದ್ದೇನೋ! ಪ್ರತಿಸಲವೂ ಅದು ದಾಟಿದ ಮೇಲೆಯೇ ನನಗೆ ಗೊತ್ತಾಗುತ್ತದೆ. ಹಿಮ್ಮೇಳದವರು ಅವನ ಕೊನೆಯ ಸೊಲ್ಲನ್ನು ಎತ್ತಿಕೊಂಡು ಎಳೆಯುತ್ತಾರೆ, ಆ ಎಳೆತದಲ್ಲಿ ಮುಂದಿನ ಮಾತು ಅವನಿಗೆ ಹುಟ್ಟುತ್ತದೆ. ಹೀಗಾಗಿ ಈ ಇರುಳಿನ ಸಂಕಮ್ಮ ನಾಳಿನ ಇರುಳಿಗೆ ಅವಳೇ ಅಲ್ಲ.

ನಗರದ ವೇದಿಕೆಯ ಆ ಕುದುರೆಯೂ ಹಾಗೇ ಅಲ್ಲವೇ? ಕೆಳಗೆ ಕುಣಿಯುವ ಕಾಲು ಮನುಷ್ಯನದೆಂದು ನೋಡುವವರಿಗೆಲ್ಲ ಗೊತ್ತು. ಗೊತ್ತಿದ್ದೂ ಕಣ್ಣು ಕುದುರೆಯನ್ನೇ ನೋಡುತ್ತದೆ.

ಹಾಡು ಮುಗಿಯಿತು. "ಇನ್ನೊಂದ್ಸಲ ಬುಡು" ಅಂದರು ಅಜ್ಜ. ಬಿಟ್ಟೆ. ಕುದುರೆ ಇನ್ನೂ ಬಂದಿರಲಿಲ್ಲ. ಅವರ ಹೆಬ್ಬೆರಳು ಆಗಲೇ ಸುಣ್ಣದ ಡಬ್ಬಿಯ ಮೇಲೆ ತಾಳ ಹಿಡಿದಿತ್ತು.