ಬೆಲ್ಲದ ಬಣ್ಣ

ಮಂಡ್ಯದ ಕಡೆಯ ಒಂದು ಆಲೆಮನೆಯಲ್ಲಿ, ಕೊಪ್ಪರಿಗೆಯ ಆವಿ ಮುಖಕ್ಕೆ ಬಡಿಯುವಷ್ಟು ಸಮೀಪದಲ್ಲಿ ನಿಂತು, ಬೆಂಡೆಗಿಡವನ್ನು ಜಜ್ಜಿ ತೆಗೆದ ಲೋಳೆಯನ್ನು ಹುಯ್ದೊಡನೆ ಕುದಿಯುವ ಕಬ್ಬಿನ ಹಾಲಿನ ಕಸವೆಲ್ಲ ನೊರೆಗಟ್ಟಿ ಮೇಲೇಳುವುದನ್ನು ನೋಡುತ್ತಿದ್ದಾಗ, ಗೋಡೆಯ ಬದಿಯಲ್ಲಿ ಎರಡು ಬಗೆಯ ಅಚ್ಚುಬೆಲ್ಲವನ್ನು ಬೇರೆಬೇರೆಯಾಗಿ ಒಟ್ಟಿದ್ದುದು ನನ್ನ ಕಣ್ಣಿಗೆ ಬಿದ್ದಿತು. ಒಂದು ರಾಶಿ ಹೊಂಬಣ್ಣದ್ದು. ಮತ್ತೊಂದು, ಅದಕ್ಕಿಂತ ಬಹಳ ಚಿಕ್ಕದು, ಕಪ್ಪಿಗೆ ಸಮೀಪವಾದ ಕಂದುಬಣ್ಣದ್ದು. ಕೇಳಿದ್ದಕ್ಕೆ ಯಜಮಾನ ಯಾವ ಸಂಕೋಚವೂ ಇಲ್ಲದೆ, “ಅದು ಮಾರ್ಕೆಟ್ಟಿಗೆ ಸ್ವಾಮಿ, ಇದು ಮನೇಗೆ” ಎಂದ.

ಹೊಂಬಣ್ಣಕ್ಕೆ ಕಾರಣ, ಆಲೆಮನೆಯವರು ಹೈಡ್ರೋಸ್ ಎಂದು ಕರೆಯುವ ಬಿಳಿಯ ಪುಡಿ. ರಸಾಯನಶಾಸ್ತ್ರದಲ್ಲಿ ಅದು ಸೋಡಿಯಂ ಹೈಡ್ರೋಸಲ್ಫೈಟ್. ಬೆಂಡೆಯ ಲೋಳೆ ಕಸವನ್ನು ತೆಗೆಯುತ್ತದೆ. ಈ ಪುಡಿಯಾದರೋ ಬಣ್ಣವನ್ನು ತೆಗೆಯುತ್ತದೆ, ಗಂಧಕದ ಅಂಶವನ್ನು ಉಳಿಸುತ್ತದೆ. ಹಾಗೆ ಬಂದ ಬಣ್ಣವೂ ಬೆಲ್ಲವನ್ನು ಇಟ್ಟಂತೆಲ್ಲ ಮಾಸುತ್ತ ಹೋಗುತ್ತದೆ. ಆದರೆ ಅಷ್ಟು ಹೊತ್ತಿಗೆ ಅದು ಮಂಡಿಯಿಂದ ಅಂಗಡಿಗೂ ಅಂಗಡಿಯಿಂದ ಅಡಿಗೆಮನೆಯ ಡಬ್ಬಿಗೂ ಹೋಗಿ ಸೇರಿರುತ್ತದಷ್ಟೆ.

ಈಗಿನ ಗುಣಮಟ್ಟ ನಿರ್ವಹಣೆಯ ಶಾಸ್ತ್ರವು ಗುಣವೆಂಬುದನ್ನು ಬಹುಮಟ್ಟಿಗೆ ಗ್ರಾಹಕನ ಅಪೇಕ್ಷೆಯ ಪೂರೈಕೆಯೆಂದೇ ನಿರ್ವಚಿಸುತ್ತದೆ. ಗ್ರಾಹಕನು ಹಳದಿಯನ್ನು ಅಪೇಕ್ಷಿಸುತ್ತಾನೆ, ಹಳದಿಯೇ ದೊರೆಯುತ್ತದೆ, ಆದಕಾರಣ ಆ ಹೊಂಬಣ್ಣದ ರಾಶಿಯೇ ಉತ್ತಮವೆಂದು ಒಪ್ಪಬೇಕಾದೀತು. ಒಪ್ಪಲು ಮನಸ್ಸು ಹಿಂಜರಿಯುತ್ತದೆ. ಹಿಂಜರಿಕೆಗೆ ಕಾರಣವನ್ನು ನಮ್ಮ ಭಾಷೆಯೇ ಸೂಚಿಸುವಂತಿದೆ: ‘ಗುಣ’ ಎಂಬ ಶಬ್ದವು ವಸ್ತುವಿನ ಲಕ್ಷಣಕ್ಕೂ ಮನುಷ್ಯನ ಶೀಲಕ್ಕೂ ಸಮಾನವಾಗಿ ಸಲ್ಲತಕ್ಕದ್ದು, ‘ಮಟ್ಟ’ವೆಂಬುದು ಗಾರೆಯವನ ಕೈಯ ರಸಮಟ್ಟದಂತೆ ಅಳತೆಗೆ ಸಂಬಂಧಪಟ್ಟದ್ದು. ಎರಡನ್ನೂ ಸೇರಿಸಿ ಒಂದು ಪದ ಮಾಡಿಕೊಂಡ ನಾವು, ಉತ್ತರಪದವನ್ನು ಅಳೆಯುವ ಸಂಭ್ರಮದಲ್ಲಿ ಪೂರ್ವಪದವನ್ನು ಮರೆತಿದ್ದೇವೆಂದು ತೋರುತ್ತದೆ.

ಈ ಮರೆವಿನ ಸ್ವರೂಪವನ್ನು ತಿಳಿಯಲು ಜರ್ಮನ್ ದಾರ್ಶನಿಕ ಇಮ್ಯಾನ್ಯುಯೆಲ್ ಕಾಂಟನು 1785ರಲ್ಲಿ ಪ್ರಕಟಿಸಿದ ನೀತಿಮೀಮಾಂಸೆಯ ಗ್ರಂಥದಲ್ಲಿ ಬರುವ ಒಬ್ಬ ಅಂಗಡಿಯವನನ್ನು ನೋಡಬೇಕು. ಅವನು ವ್ಯವಹಾರ ತಿಳಿಯದವನೆಂದು ಯಾರಿಂದಲೂ ಹೆಚ್ಚು ಹಣ ಕೀಳುವುದಿಲ್ಲ. ಎಲ್ಲರಿಗೂ ಒಂದೇ ದರ. ಸಣ್ಣ ಹುಡುಗನೊಬ್ಬನು ಹೋಗಿ ಕೊಂಡರೂ ಮೋಸವಿಲ್ಲ. ಅವನ ನಡತೆ ಧರ್ಮಕ್ಕೆ ಅನುಗುಣವಾಗಿದೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅಷ್ಟರಿಂದಲೇ ಅವನು ಧರ್ಮಪ್ರೇರಿತನಾಗಿ ನಡೆದನೆಂದು ಹೇಳಲಾಗದು, ಏಕೆಂದರೆ ಪ್ರಾಮಾಣಿಕತೆಯಿಂದ ಗಿರಾಕಿಗಳು ನಿಲ್ಲುತ್ತಾರೆ, ಲಾಭವೂ ನಿಲ್ಲುತ್ತದೆ. ಅವನು ಅನುಸರಿಸಿದ್ದು ಆ ಲಾಭವನ್ನೇ ಆಗಿರಬಹುದು ಎನ್ನುತ್ತಾನೆ ಕಾಂಟ್. ಧರ್ಮಾನುಗುಣವಾದ ಕರ್ಮ ಬೇರೆ, ಧರ್ಮಪ್ರೇರಿತವಾದ ಕರ್ಮ ಬೇರೆ.

ಮೊದಲ ಓದಿಗೆ ಇದು ಕೂದಲು ಸೀಳುವ ತರ್ಕದಂತೆ ಕಂಡರೆ ಆಶ್ಚರ್ಯವಿಲ್ಲ. ನನಗೂ ಹಾಗೆಯೇ ಕಂಡಿತ್ತು. ಉಪ್ಪು ಕೊಳ್ಳಲು ಹೋದ ಹುಡುಗನಿಗೆ ಅಂಗಡಿಯವನ ಅಂತರಂಗದಿಂದ ಆಗಬೇಕಾದದ್ದೇನು? ತೂಕ ಸರಿಯಿದ್ದರೆ ಸಾಕು. ಆದರೆ ಲಾಭವೂ ಪ್ರಾಮಾಣಿಕತೆಯೂ ಒಂದೇ ದಾರಿಯಲ್ಲಿ ಹೋಗುವವರೆಗೆ ಮಾತ್ರ ಈ ಸಮಾಧಾನ. ದಾರಿ ಕವಲೊಡೆದ ಕಡೆ, ನೋಡುವವರಿಲ್ಲದ ಹೊತ್ತಿನಲ್ಲಿ, ಕಾಂಟನ ಭೇದವು ಪುಸ್ತಕದಿಂದ ಎದ್ದು ಬೀದಿಗೆ ಬರುತ್ತದೆ.

2015ರ ಸೆಪ್ಟೆಂಬರಿನಲ್ಲಿ ಅದು ಅಕ್ಷರಶಃ ಬೀದಿಗೆ ಬಂದಿತು. ಫೋಕ್ಸ್‌ವ್ಯಾಗನ್ ಸಂಸ್ಥೆಯ ಡೀಸೆಲ್ ಕಾರುಗಳಲ್ಲಿ ಅಡಗಿಸಿದ್ದ ಒಂದು ತಂತ್ರಾಂಶ, ವಾಹನವು ಪರೀಕ್ಷಾಲಯದಲ್ಲಿ ಓಡುತ್ತಿದೆಯೋ ಹೆದ್ದಾರಿಯಲ್ಲಿ ಓಡುತ್ತಿದೆಯೋ ಎಂಬುದನ್ನು ಗುರುತಿಸಿ, ಪರೀಕ್ಷೆಯ ವೇಳೆ ಮಾತ್ರ ಹೊಗೆಯನ್ನು ಶುದ್ಧಗೊಳಿಸುತ್ತಿತ್ತೆಂದು ಅಮೆರಿಕದ ಪರಿಸರ ಇಲಾಖೆ ಬಹಿರಂಗಪಡಿಸಿತು. ಅದಕ್ಕೆ ಮುನ್ನವೇ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಅಳೆಯುವ ಯಂತ್ರವನ್ನು ಕಾರಿನಲ್ಲೇ ಹೇರಿಕೊಂಡು ರಸ್ತೆಯಲ್ಲಿ ಓಡಿಸಿ ವ್ಯತ್ಯಾಸವನ್ನು ಕಂಡುಹಿಡಿದಿದ್ದರು. ರಸ್ತೆಯ ಮೇಲೆ ನೈಟ್ರೋಜನ್ ಆಕ್ಸೈಡುಗಳು ಮಿತಿಯ 40 ಪಟ್ಟಿನವರೆಗೂ ಹೊರಬೀಳುತ್ತಿದ್ದವು. ಅಂಥ ತಂತ್ರಾಂಶವಿದ್ದ ಕಾರುಗಳು ಜಗತ್ತಿನಲ್ಲಿ ಸುಮಾರು 1.1 ಕೋಟಿ. ಇಲ್ಲಿ ಕೌಶಲದ ಕೊರತೆಯೆಲ್ಲಿತ್ತು? ಪರೀಕ್ಷೆಯಲ್ಲಿ ತೇರ್ಗಡೆಯಾಗುವ ಗುಣವನ್ನೇ ಪರಮಗುಣವೆಂದು ಎಣಿಸಿದ ಕೌಶಲ, ಪರೀಕ್ಷಕನ ಮುಂದೆ ಶುದ್ಧವಾಗಿಯೂ ಅವನ ಬೆನ್ನ ಹಿಂದೆ ಅಶುದ್ಧವಾಗಿಯೂ ಇರಬಲ್ಲ ಯಂತ್ರವನ್ನು ಅತ್ಯಂತ ನಿಪುಣವಾಗಿ ನಿರ್ಮಿಸಿತ್ತು.

ಹಾಗಾದರೆ ಪರೀಕ್ಷಕರನ್ನು ಹೆಚ್ಚಿಸಿದರಾಯಿತೇ? ಈ ಪ್ರಶ್ನೆಗೆ ಉತ್ತರ ಹೇಳಿದವರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಡೆಮಿಂಗ್ ಮುಖ್ಯನು. 1950ರಲ್ಲಿ ಜಪಾನಿನ ಎಂಜಿನಿಯರುಗಳಿಗೆ ಉಪನ್ಯಾಸ ಕೊಟ್ಟು, ಮರುವರ್ಷವೇ ತನ್ನ ಹೆಸರಿನ ಬಹುಮಾನವನ್ನು ಅಲ್ಲಿ ಕಂಡವನು. ಮುಂದೆ ಅವನು ವಿಧಿಸಿದ 14 ಸೂತ್ರಗಳಲ್ಲಿ ಒಂದು, ಗುಣಕ್ಕಾಗಿ ತಪಾಸಣೆಯನ್ನು ನೆಚ್ಚುವುದನ್ನು ಬಿಡಬೇಕೆಂಬುದು. ಮತ್ತೊಂದು, ಕೆಲಸಗಾರರ ಮನಸ್ಸಿನಿಂದ ಭಯವನ್ನು ಹೊರದೂಡಬೇಕೆಂಬುದು. ಎರಡನೆಯದನ್ನು ಆಡಳಿತದ ಜಾಣ್ಮೆಯೆಂದು ಓದುವವರೇ ಬಹಳ; ನನಗಾದರೋ ಅದು ಶುದ್ಧವಾದ ನೀತಿಸೂತ್ರವೆಂದೇ ತೋರುತ್ತದೆ. ದೋಷವನ್ನು ಕಂಡು ಹೇಳಿದವನ ಸಂಬಳ ಕತ್ತರಿಸುವ ಕಾರ್ಖಾನೆಯಲ್ಲಿ ಸತ್ಯ ನುಡಿಯಬೇಕಾದರೆ ವೀರನೇ ಆಗಿರಬೇಕು. ದಿನಗೂಲಿಯವನಿಂದ ವೀರತ್ವವನ್ನು ಬೇಡಿ, ಧಣಿಯಿಂದ ಸಾಮಾನ್ಯ ನ್ಯಾಯವನ್ನೂ ಬೇಡದಿರುವ ನೀತಿಬೋಧೆ ಎಂಥದು? ವ್ಯಾಪಾರಧರ್ಮವೆಂದರೆ ಪ್ರತಿಯೊಬ್ಬನ ಮನಸ್ಸಾಕ್ಷಿ ಮಾತ್ರವಲ್ಲ, ಆ ಸಾಕ್ಷಿ ಬಾಯಿಬಿಡಲು ಬೇಕಾದ ಅಭಯವೂ ಹೌದು. ಈ ಅಭಯಕ್ಕೆ ಜಪಾನಿನಲ್ಲಿಯೇ ಒಂದು ನಿದರ್ಶನವಿದೆ. ಅಲ್ಲಿನ ಯಂತ್ರನಿರ್ಮಾಪಕ ಸಕಿಚಿ ಟೊಯೋಡ 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗ ನೂಲು ಹರಿದೊಡನೆ ತಾನಾಗಿ ನಿಲ್ಲುತ್ತಿತ್ತು. ಅದೇ ತತ್ತ್ವ ಅವನ ಮಗನು ಕಟ್ಟಿದ ಮೋಟಾರು ಕಾರ್ಖಾನೆಯಲ್ಲಿ ತಲೆಯ ಮೇಲೆ ಹಾದುಹೋಗುವ ಒಂದು ಹಗ್ಗವಾಯಿತು. ದೋಷ ಕಂಡ ಯಾವ ಕೆಲಸಗಾರನೂ ಅದನ್ನು ಜಗ್ಗಿ ಇಡೀ ಸಾಲನ್ನು ನಿಲ್ಲಿಸಬಹುದು.

ಹಗ್ಗವೆಂದಾಗ ನುಲಿಯ ಚಂದಯ್ಯ ನೆನಪಾಗುತ್ತಾನೆ. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ ಜಂಗಮದಾಸೋಹ ನಡೆಸುತ್ತಿದ್ದ ಈ ಶರಣನ ಹಗ್ಗಕ್ಕೆ ಒಮ್ಮೆ ಅದರ ಯೋಗ್ಯತೆಯನ್ನು ಮೀರಿದ ಹೊನ್ನು ಬಂದಾಗ, ಅದು ಸಲ್ಲದ ಹಣವೆಂದು ಅವನು ಒಲ್ಲೆನೆಂದನಂತೆ. ಕೊಟ್ಟವನಿಗೆ ಆಕ್ಷೇಪವಿರಲಿಲ್ಲ, ಕೇಳುವವರೂ ಇರಲಿಲ್ಲ. ಕಾಂಟನ ಅಂಗಡಿಯವನ ವಿಷಯದಲ್ಲಿ ಉಳಿದ ಸಂದೇಹ ಇವನ ವಿಷಯದಲ್ಲಿ ಉಳಿಯುವುದಿಲ್ಲ. ಇವನ ಕಾಯಕದಲ್ಲಿ ಹಗ್ಗದ ಗಟ್ಟಿತನವೂ ಬೆಲೆಯ ನ್ಯಾಯವೂ ಎರಡು ಬೇರೆ ಖಾತೆಗಳಲ್ಲ.

ಆಲೆಮನೆಯ ಯಜಮಾನನನ್ನು ಚಂದಯ್ಯನೊಡನೆ ತೂಗಿ ಹಗುರವೆನ್ನುವುದು ಸುಲಭ. ನಾನೂ ಸ್ವಲ್ಪ ಆ ಧಾಟಿಯಲ್ಲೇ ಮಾತೆತ್ತಿದೆ. “ಕರೀದೇ ಒಳ್ಳೇದು ಅಂತ ಎಲ್ರೂ ಅಂತಾರೆ ಸ್ವಾಮಿ, ಮಂಡೀಲಿ ಮಾತ್ರ ಹಳದೀಗೇ ರೇಟು” ಎಂದು ಅವನು ಸೌಟಿನಿಂದ ಪಾಕವನ್ನೆತ್ತಿ ಹದ ನೋಡತೊಡಗಿದ. ಮನೆಗೆಂದು ಇಟ್ಟಿದ್ದ ಕಂದುಬೆಲ್ಲದಲ್ಲಿ ಎರಡು ಕಿಲೋ ಬೇಡಿದೆ, ಕೊಟ್ಟ. ಊರಿಗೆ ಬಂದು ಕಾಗದದ ಪೊಟ್ಟಣವನ್ನು ಅಡಿಗೆಮನೆಯ ಕಟ್ಟೆಯ ಮೇಲಿಟ್ಟಾಗ ನನ್ನ ಮನೆಯವರು ಬಿಚ್ಚಿ ನೋಡಿ, “ಇದೇನ್ರೀ, ಇಷ್ಟು ಕಪ್ಪಗಿದೆ? ಒಳ್ಳೇ ಬೆಲ್ಲ ಸಿಗಲಿಲ್ಲವೇ?” ಎಂದರು.